ಕಲೇಜಿ ಡಾಕ್ಟರ್ ಬಂದ ಮೇಲೆ

ನಾಯಿಗೆ ಏನು ಹಾಕಬೇಕೆಂದು ಯಾರಾದರೂ ಕೇಳಿದರೆ, ನೌಕರಿಯ ಬಹುಪಾಲು ವರ್ಷ ನಾನು ಕೊಟ್ಟ ಉತ್ತರ ಒಂದೇ: ಹಾಲು-ರೊಟ್ಟಿ ಹಾಕ್ರಿ. ಹಾಗೆ ಕೇಳುವವರೂ ಅಪರೂಪವಾಗಿದ್ದರು. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಶುರುವಾಗಿ ಸೇಡಂ, ಶಹಾಬಾದ, ಕಡೆಗೆ ಚಿತ್ತಾಪುರ, ಹೀಗೆ ಎಲ್ಲಿಗೆ ವರ್ಗವಾದರೂ ಸರಕಾರಿ ಪಶುವೈದ್ಯಳಾದ ನನ್ನ ಕೆಲಸವೆಂದರೆ ಎಮ್ಮೆ, ಎತ್ತು, ಆಕಳು, ಆಡು, ಕುರಿ. ನಾಯಿ ದವಾಖಾನೆಗೆ ಬರುತ್ತಿದ್ದದ್ದು ಹುಚ್ಚುನಾಯಿ ಕಡಿದಾಗ, ಇಲ್ಲವೇ ಕಲ್ಲಿನ ಲಾರಿಯ ಗಾಲಿಗೆ ಸಿಕ್ಕಾಗ.

ಈಗ ಇಲಾಖೆಗೆ ಸೇರುತ್ತಿರುವವರಿಗೆ ಇದು ನಂಬಲು ಕಷ್ಟ. ಅವರ ದವಾಖಾನೆಯ ಮುಂದೆ ಬೆಳಗಾದರೆ ನಾಯಿಗಳದೇ ಸಾಲು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ. ಬಡ್ತಿ ಸಿಕ್ಕವರನ್ನು ಕಂಡು ನನಗೆ ಎಂದೂ ಹೊಟ್ಟೆ ಉರಿಯಲಿಲ್ಲ. ಉರಿದದ್ದು ಜನ ನನ್ನ ಬಾಗಿಲು ದಾಟಿ ಇನ್ನೊಬ್ಬರ ಬಾಗಿಲಿಗೆ ಹೋದಾಗ.

ಆ ಬಾಗಿಲು ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ನಾನು ಸುಲೇಪೇಟದ ಲಿಂಗಾಯತರ ಮನೆಯ ಹುಡುಗಿ. ತಂದೆಗೆ ಬಜಾರದಲ್ಲಿ ಕಿರಾಣಿ ಅಂಗಡಿ. ಪಶುವೈದ್ಯಕೀಯ ಓದುತ್ತೇನೆ ಎಂದಾಗ ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮೊದಲ ಪೋಸ್ಟಿಂಗ್ ಚಿಮ್ಮನಚೋಡ. ಎಮ್ಮೆ ಈಯಲಾರದೆ ಒದ್ದಾಡುತ್ತಿದೆಯೆಂದು ಕರೆಸಿದ ರೈತ ನನ್ನನ್ನು ನೋಡಿದವನೇ, ನನ್ನ ಬೆನ್ನ ಹಿಂದೆ ಡಾಕ್ಟರು ಯಾರಾದರೂ ಬರುತ್ತಿದ್ದಾರೆಯೇ ಎಂದು ಹಣಿಕಿ ನೋಡಿದ. ನಾನು ಸೀರೆ ಎತ್ತಿ ಕಟ್ಟಿ, ಭುಜದ ತನಕ ಕೈ ಹಾಕಿ, ತಿರುಗಿ ಕೂತಿದ್ದ ಕರುವಿನ ಕಾಲು ಸರಿಮಾಡಿ ಎಳೆದೆ. ಕರು ಉಳಿಯಿತು. ಅಲ್ಲಿಂದ ಮುಂದೆ ಆ ಕಡೆಯ ಜನ ಡಾಕ್ಟರಬಾಯಿ ಬರುವ ತನಕ ಕಾಯುತ್ತೇವೆ ಎನ್ನತೊಡಗಿದರು. ಜನ ನಮಗಾಗಿ ಕಾಯುವುದಿದೆಯಲ್ಲ, ಅದಕ್ಕಿಂತ ದೊಡ್ಡ ಸುಖ ಈ ನೌಕರಿಯಲ್ಲಿಲ್ಲ. ಒಮ್ಮೆ ರುಚಿ ಹತ್ತಿತೆಂದರೆ ಬಿಡಲಾಗುವುದಿಲ್ಲ.

ನಾನು ಚಿತ್ತಾಪುರಕ್ಕೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕಾಲೊನಿಗಳಲ್ಲಿ, ತೊಗರಿಬೇಳೆ ಮಿಲ್ಲಿನವರ ಬಂಗಲೆಗಳಲ್ಲಿ, ಕಲ್ಲಿನ ಖಣಿ ಇಟ್ಟವರ ಅಂಗಳದಲ್ಲಿ ಜಾತಿನಾಯಿಗಳು ಬರತೊಡಗಿದ್ದವು. ಅದೇ ಹೊತ್ತಿಗೆ, ನಾನು ಹಿಂದೆ ಇದ್ದ ಶಹಾಬಾದದ ದವಾಖಾನೆಗೆ ಸುಜಾತಾ ಬಂದಳು.

ಸುಜಾತಾ ಅದೇ ಊರಿನವಳು. ತಂದೆ ನೆಲಕ್ಕೆ ಹಾಸುವ ಪರಸಿಕಲ್ಲು ಪಾಲಿಶ್ ಮಾಡುವ ಕೆಲಸಗಾರ, ಬೌದ್ಧರ ಮನೆ. ಗಿಡ್ಡ ಆಳು, ದೊಡ್ಡ ದನಿ, ಸ್ಕೂಟರ್ ಮೇಲೆ ಗಾಳಿ ಹೋದಂತೆ ಹೋಗುವವಳು. ಸೇರಿದ ವಾರದಲ್ಲೇ ಚಿತ್ತಾಪುರಕ್ಕೆ ಬಂದು ನನ್ನ ಮುಂದೆ ಕುಳಿತು, ಶಾಂತಕ್ಕ, ನಿಮ್ಮ ಹೆಸರು ಕೇಳಿಯೇ ನಾನು ಈ ಓದಿಗೆ ಹೋದದ್ದು ಎಂದಳು. ನನಗೆ ಭಾಳ ಇಷ್ಟವಾದಳು. ಅದು ಕೆಲವೇ ತಿಂಗಳ ಮಾತು.

ಸೇಡಂನಲ್ಲಿ ಬೇಳೆ ಮಿಲ್ಲು ಇಟ್ಟಿದ್ದ ಚನ್ನಬಸಪ್ಪ ಸಾಹುಕಾರರ ಅಲ್ಸೇಶಿಯನ್ ನಾಯಿ ರಾಜಾ ನನ್ನ ಪೇಶಂಟ್. ನಾನು ಸೇಡಂ ಬಿಟ್ಟು ಬಂದರೂ ಅವರು ನನ್ನನ್ನು ಬಿಡದೆ ಜೀಪಿನಲ್ಲಿ ಚಿತ್ತಾಪುರಕ್ಕೆ ತರುತ್ತಿದ್ದರು. ನಾಯಿ ಸೊರಗಿತ್ತು. ಕೂದಲು ಹುಲ್ಲಿನಂತೆ ಒಣಗಿತ್ತು, ವಸಡು ಬಿಳಚಿತ್ತು, ಮಣ್ಣು ನೆಕ್ಕುತ್ತಿತ್ತು. ಹುಳದ ಮಾತ್ರೆ ಕೊಟ್ಟೆ, ಕಬ್ಬಿಣದ ಟಾನಿಕ್ ಕೊಟ್ಟೆ, ಇಂಜೆಕ್ಷನ್ ಕೊಟ್ಟೆ. ಮನೆಯಲ್ಲಿ ಅದಕ್ಕೆ ಹಾಲು, ಅನ್ನ, ರೊಟ್ಟಿ, ಹಬ್ಬವಿದ್ದರೆ ಹೋಳಿಗೆ. ಸಾಹುಕಾರರದು ಕಟ್ಟಾ ಶಿವಭಕ್ತರ ಮನೆ, ಲಿಂಗಪೂಜೆಯಿಲ್ಲದೆ ನೀರೂ ಮುಟ್ಟದವರು. ಸ್ವಲ್ಪ ದಿನ ಅವರು ಬರಲಿಲ್ಲ. ಆಮೇಲೊಂದು ದಿನ ಶಹಾಬಾದದಿಂದ ವಾಪಸ್ಸು ಹೋಗುವಾಗ ದವಾಖಾನೆಯ ಮುಂದೆ ಜೀಪು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ರಾಜಾ ಕೂತಿತ್ತು. ನನಗೆ ಗುರುತು ಸಿಗಲಿಲ್ಲ. ಮೈ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು.

“ಶಹಾಬಾದದ ಸಣ್ಣ ಡಾಕ್ಟರ್ ಕೋಳಿ ಕಲೇಜಿ ಹಾಕ್ಲಿಕ್ಕೆ ಹೇಳಿದ್ರು, ಡಾಕ್ಟರಬಾಯಿ” ಎಂದರು ಸಾಹುಕಾರರು, ದನಿ ತಗ್ಗಿಸಿ. “ನಮ್ಮ ಮನ್ಯಾಗ ಗೊತ್ತಾದ್ರ ಹೌಹಾರ್ತಾರ. ಮಿಲ್ಲಿನ ಹಿಂದ ಹಮಾಲರ ಓಣ್ಯಾಗ ಒಬ್ಬಾಕಿ ಕುದಿಸಿ ಕೊಡ್ತಾಳ. ವಾರದಾಗ ಎರಡು ಸರ್ತಿ, ಜರಾ ಜರಾ.” ಆಮೇಲೆ, ಯಾವ ವ್ಯಂಗ್ಯವೂ ಇಲ್ಲದೆ, ಮಗುವಿನಂತೆ ಕೇಳಿದರು: “ನಿಮಗ ಗೊತ್ತಿರಲಿಲ್ಲೇನ್ರಿ?”

ಗೊತ್ತಿತ್ತು. ಕಲೇಜಿ ಎಂದರೆ ಯಕೃತ್ತು. ಅದರಲ್ಲಿ ರಕ್ತಕ್ಕೆ ಬೇಕಾದ ಕಬ್ಬಿಣ, ಚರ್ಮಕ್ಕೂ ಕಣ್ಣಿಗೂ ಬೇಕಾದ ಎ ಜೀವಸತ್ವ, ಬಿ ಜೀವಸತ್ವ ಎಷ್ಟಿರುತ್ತವೆ ಎಂದು ಪರೀಕ್ಷೆಯಲ್ಲಿ ಪುಟ ತುಂಬ ಬರೆದವಳು ನಾನು. ಆದರೆ ಇಷ್ಟಲಿಂಗ ಧರಿಸಿದ ಸಾಹುಕಾರರ ಎದುರು ಕಲೇಜಿ ಎಂಬ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ. ಹೊರಡಬಹುದೆಂದು ನನಗೆ ಹೊಳೆದಿರಲೂ ಇಲ್ಲ. ಸುಜಾತಾ ಅದನ್ನು ಉಪ್ಪು, ಬೆಲ್ಲ ಎಂದಷ್ಟು ಸಲೀಸಾಗಿ ಹೇಳಿದ್ದಳು, ಅವರು ಕೇಳಿದ್ದರು. ಸೇಡಂನಿಂದ ಶಹಾಬಾದಕ್ಕೆ ಹೋಗುವ ದಾರಿ ಚಿತ್ತಾಪುರದ ಮೇಲೆಯೇ ಹೋಗುತ್ತದೆ. ಅಂದರೆ ಅವರು ಪ್ರತಿ ಸಲವೂ ನನ್ನ ದವಾಖಾನೆಯ ಮುಂದೆಯೇ ದಾಟಿ ಹೋಗಿದ್ದರು.

ಆಮೇಲೆ ದಾಟಿ ಹೋದವರು ಅವರೊಬ್ಬರೇ ಅಲ್ಲ. ವಾಡಿ ಕಾಲೊನಿಯ ಹೆಣ್ಣುಮಕ್ಕಳು, ಖಣಿ ಮಾಲೀಕರು, ರೇಲ್ವೆಯವರು, ಎಲ್ಲರೂ ಶಹಾಬಾದಕ್ಕೇ ಹೋಗತೊಡಗಿದರು. ಸುಜಾತಾಳಿಗೆ ಜನ ಕಲೇಜಿ ಡಾಕ್ಟರ್ ಎಂದು ಹೆಸರಿಟ್ಟರು. ನಮ್ಮ ಸಹಾಯಕ ನಿರ್ದೇಶಕರು ಅದನ್ನು ಬಹಳ ದಿನ ಕಾಲೇಜ್ ಡಾಕ್ಟರ್ ಎಂದೇ ಕೇಳಿಸಿಕೊಂಡು, ಹುಡುಗಿ ಏನಾದರೂ ಪಾಠ ಮಾಡಲು ಹೋಗುತ್ತಾಳೆಯೇ ಎಂದು ನನ್ನನ್ನು ವಿಚಾರಿಸಿದ್ದರು.

ಈ ಸಾಹೇಬರ ಬಗ್ಗೆ ಎರಡು ಮಾತು ಹೇಳಬೇಕು. ಅವರ ಕಣ್ಣಿಗೆ ಇಲಾಖೆಯೆಂದರೆ ಆಕಳು, ಎಮ್ಮೆ ಮತ್ತು ಕೃತಕ ಗರ್ಭಧಾರಣೆಯ ಗುರಿ. ಮೀಟಿಂಗಿನಲ್ಲಿ ಯಾರಾದರೂ ನಾಯಿಯ ಮಾತೆತ್ತಿದರೆ, ನಾಯಿ-ಗೀಯಿ ಆಮೇಲೆ ನೋಡೋಣ ಎನ್ನುತ್ತಿದ್ದರು. ಹೀಗಿದ್ದವರು, ಮೇಲಿನ ಅಧಿಕಾರಿಯೊಬ್ಬರ ಮನೆಯ ನಾಯಿ ಸುಜಾತಾಳ ಕೈಯಲ್ಲಿ ಸುಧಾರಿಸಿದ ಮರುವಾರ ಪೂರಾ ಬದಲಾದರು. ನಾಯಿ ಸಾಕುವವರಿಗೆಂದು ನಾಯಿಯ ಆಹಾರದ ಬಗ್ಗೆ ಶಹಾಬಾದದಲ್ಲಿ ಪ್ರಾತ್ಯಕ್ಷಿಕೆ ಇಟ್ಟು, ಸುತ್ತಲಿನ ಎಲ್ಲ ಡಾಕ್ಟರರೂ ಹೋಗಿ ನೋಡಿ ಕಲಿಯಬೇಕೆಂದು ಆದೇಶ ಮಾಡಿದರು. ನನ್ನ ಕಡೆ ತಿರುಗಿ, ನೀವೂ ಹೋಗ್ರಿ ಬಾಯಾರ, ಹೊಸದು ತಿಳಕೊಳ್ಳೋದು ಚಲೋ, ಎಂದರು. ನನ್ನ ಅರ್ಧ ವಯಸ್ಸಿನವಳ ಮುಂದೆ ಕಲಿಯಲು ಕೂರುವುದು. ನಾನು ಹೂಂ ಎಂದೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಬರೀ ಬಿಳಿ ಧೂಳು ಕಾಣುತ್ತಿತ್ತು.

ಸಭಾಭವನದ ಮೇಜಿನ ಮೇಲೆ ಸುಜಾತಾ ಸ್ಟೀಲಿನ ತಾಟು ಸಾಲಾಗಿ ಇಟ್ಟಿದ್ದಳು. ಒಂದರಲ್ಲಿ ಕಲೇಜಿ, ಒಂದರಲ್ಲಿ ಗುಂಡಿಗೆ, ಒಂದರಲ್ಲಿ ಗುರ್ದಾ ಅಂದರೆ ಮೂತ್ರಪಿಂಡ, ಇನ್ನೊಂದರಲ್ಲಿ ತೊಳೆದ ಬೋಟಿ ಅಂದರೆ ಕರುಳು. ಒಂದೊಂದನ್ನೂ ಬರಿಗೈಯಲ್ಲಿ ಎತ್ತಿ ತೋರಿಸಿದಳು. ಗುಂಡಿಗೆ ಎಂದರೆ ಖಂಡವೇ, ಅದನ್ನು ಮಾಂಸದ ಲೆಕ್ಕದಲ್ಲಿ ಹಾಕಬಹುದು. ಗುರ್ದಾ ಸ್ವಲ್ಪ ಸಾಕು. ಬೋಟಿ ಚೆನ್ನಾಗಿ ತೊಳೆದಿರಬೇಕು. ಬೆಳೆಯುವ ಮರಿಗೆ ಬರೀ ಖಂಡ, ಕಲೇಜಿ ಹಾಕುತ್ತಾ ಹೋದರೆ ಸುಣ್ಣದಂಶ ಸಾಲದೆ ಕಾಲು ಬಿಲ್ಲಿನಂತೆ ಬಾಗುತ್ತವೆ ಎಂದಳು.

“ಕಲೇಜಿ ಮಾತ್ರ ಔಷಧ ಇದ್ದಂಗ” ಎಂದಳು. “ಹತ್ತು ತುತ್ತಿನ್ಯಾಗ ಒಂದು ತುತ್ತು, ಅದಕ್ಕಿಂತ ಜಾಸ್ತಿ ಬ್ಯಾಡ. ಕುದಿಸೇ ಹಾಕ್ರಿ. ಉಪ್ಪು, ಖಾರ, ಉಳ್ಳಾಗಡ್ಡಿ ಏನೂ ಹಚ್ಚಬ್ಯಾಡ್ರಿ. ನಮ್ಮವ್ವ ಮನ್ಯಾಗ ಕಲೇಜಿ ಕುದಿಸೋದು ನೋಡ್ಕೋತ ಬೆಳದಾಕಿ ನಾ. ಹಸೀದು ಚಲೋ ಅದನೋ ಇಲ್ಲೋ ಬಣ್ಣದ ಮ್ಯಾಲ ಹೇಳ್ತೀನಿ, ಬೆಂದದ್ದು ವಾಸನಿ ಮ್ಯಾಲ ಹೇಳ್ತೀನಿ.”

ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳು ನಮ್ಮ ಮನೆಯಲ್ಲಿ ಇದನ್ನೆಲ್ಲ ಬೇಯಿಸುವಂತಿಲ್ಲವಲ್ಲ ಎಂದಳು. ಬೇಯಿಸಬೇಡಿ, ತತ್ತಿ ಹಾಕಿ, ಅದೂ ಆಗದಿದ್ದರೆ ಅಂಗಡಿಯಲ್ಲಿ ಸಿಗುವ ನಾಯಿಯ ಕಾಳು ಹಾಕಿ, ಆದರೆ ನಿಮ್ಮ ಸೋಮವಾರದ ಒಪ್ಪೊತ್ತನ್ನು ಮಾತ್ರ ನಾಯಿಯ ಮೇಲೆ ಹೇರಬೇಡಿ ಎಂದಳು ಸುಜಾತಾ. ಭವನವೆಲ್ಲ ನಕ್ಕಿತು. ಅದೇ ಮಾತನ್ನು ನಾನು ಹೇಳಿದ್ದರೆ ಎದ್ದು ಹೋಗುತ್ತಿದ್ದರು. ಅವಳ ತಿಳುವಳಿಕೆಗಿಂತ ಹೆಚ್ಚಾಗಿ ಆ ನಗು ನನ್ನನ್ನು ಸುಟ್ಟಿತು.

ಹೊಟ್ಟೆಕಿಚ್ಚು ಮನುಷ್ಯನನ್ನು ಕೂರಗೊಡುವುದಿಲ್ಲ. ಆ ವಾರವೇ ನಾನು ಚಿತ್ತಾಪುರದ ಕಟುಕರ ಓಣಿಗೆ ಹೋದೆ. ಸತ್ತ ದನದ ಹೊಟ್ಟೆ ಕೊಯ್ದು ಕಲೇಜಿಯನ್ನು ಕೈಯಲ್ಲಿ ಹಿಡಿದವಳೇ ನಾನು. ಆದರೆ ಅದು ಯಾವ ರೋಗದಿಂದ ಸತ್ತಿತೆಂದು ನೋಡಲು. ಅದು ಒಬ್ಬರ ಒಲೆಯ ಮೇಲೆ ಬೇಯುವ ಪದಾರ್ಥವಾಗಿ ನನಗೆ ಗೊತ್ತಿರಲಿಲ್ಲ. ಬೆಂದರೆ ಎಷ್ಟು ಕುಗ್ಗುತ್ತದೆ, ಹಳಸಿದರೆ ಹೇಗಿರುತ್ತದೆ, ಏನೂ ಗೊತ್ತಿರಲಿಲ್ಲ. ಖಾಜಾಮಿಯಾ ಎಂಬವರ ಅಂಗಡಿಯ ಮುಂದೆ ಮೂಗಿಗೆ ಸೆರಗು ಹಿಡಿದು ನಿಂತೆ. ಅವರ ಆಡುಗಳಿಗೆ ನಾನೇ ಔಷಧ ಕೊಡುತ್ತಿದ್ದೆ. ಪಾಪ, ಆ ಮನುಷ್ಯ ಗಾಬರಿಯಾಗಿ, ಹೊರಗೆ ಖುರ್ಚಿ ಹಾಕಿಸಿ, ಬಾಯಾರ ನೀವು ಇಲ್ಲಿಗ್ಯಾಕ ಬಂದ್ರಿ, ಹೇಳಿಕಳಿಸಿದ್ರ ನಾನೇ ಬರ್ತಿದ್ದೆ ಎಂದರು. ನಾನು ಬಂದ ಕಾರಣ ಹೇಳಿದೆ. ಅವರು ನಗಲಿಲ್ಲ. ವಾರಗಟ್ಟಲೆ, ಅಂಗಡಿ ಮುಚ್ಚುವ ಮುಂಚೆ, ಒಂದೊಂದೇ ತೋರಿಸಿದರು. ಮನೆಗೆ ಬಂದು ಹಿತ್ತಲಲ್ಲಿ ಸ್ನಾನ ಮಾಡಿ ಒಳಗೆ ಹೋಗುತ್ತಿದ್ದೆ. ಅತ್ತೆಗೆ ದವಾಖಾನೆಯ ಹೊಲಸು ಎಂದಷ್ಟೇ ಹೇಳುತ್ತಿದ್ದೆ.

ಅಲ್ಲಿಯೇ, ಅಂಗಡಿಯ ಹಿಂದೆ, ನನಗೆ ನನ್ನದೇ ಆದ ಒಂದು ಸಂಗತಿ ಸಿಕ್ಕಿತು. ಮಾರಲು ಬಾರದ್ದನ್ನು ಅಲ್ಲಿ ಎಸೆಯುತ್ತಿದ್ದರು. ಕುರಿಯ ಫುಪ್ಪುಸ, ಕಲೇಜಿಯ ತುಂಡು, ಅದರ ಮೇಲೆ ನಿಂಬೆಹಣ್ಣಿನ ಗಾತ್ರದ ಬಿಳಿಯ ನೀರಗುಳ್ಳೆಗಳು. ಓಣಿಯ ನಾಯಿಗಳು ಅದನ್ನೇ ಎಳೆದಾಡಿ ತಿನ್ನುತ್ತಿದ್ದವು. ಆ ನಾಯಿಗಳಲ್ಲಿ ಕೆಲವಕ್ಕೆ ಕೊರಳಪಟ್ಟಿ ಇತ್ತು, ಅಂದರೆ ಅವು ಯಾರದೋ ಮನೆಯವು. ಆ ಗುಳ್ಳೆಯೊಳಗೆ ಒಂದು ಜಾತಿಯ ಲಾಡಿಹುಳದ ಮರಿಗಳಿರುತ್ತವೆ. ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಅವು ಬೆಳೆದು, ಅದರ ಹೇಲಿನಲ್ಲಿ ಮೊಟ್ಟೆ ಬೀಳುತ್ತವೆ. ಆ ಮೊಟ್ಟೆ ಮಣ್ಣಿನಿಂದಲೋ ನಾಯಿಯ ಮೈಯಿಂದಲೋ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋದರೆ, ಮಗುವಿನ ಕಲೇಜಿಯಲ್ಲೇ ಅಂಥ ಗುಳ್ಳೆ ಬೆಳೆಯುತ್ತದೆ. ಕುದಿಸಿದ ಕಲೇಜಿ ನಾಯಿಗೆ ಶಕ್ತಿ. ಎಸೆದ ಹಸಿ ಕಲೇಜಿ ಮನೆಗೇ ಕುತ್ತು.

ಸತ್ಯ ಹೇಳುತ್ತೇನೆ, ಅದನ್ನು ನೋಡಿ ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ಸಂತೋಷ. ಸುಜಾತಾ ಹೇಳದೆ ಬಿಟ್ಟದ್ದೊಂದು ನನಗೆ ಸಿಕ್ಕಿತ್ತು. ಖಾಜಾಮಿಯಾ ಮಾತು ಕೇಳಿದವರೇ, ನಮ್ಮ ಮೊಮ್ಮಕ್ಕಳೂ ಇಲ್ಲೇ ಆಡುತ್ತವೆ ಎಂದು ಮರುದಿನವೇ ಗುಂಡಿ ತೋಡಿಸಿ ಸುಣ್ಣ ತರಿಸಿದರು. ಉಳಿದ ಅಂಗಡಿಯವರು ನಕ್ಕರು. ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ. ಸಾಹೇಬರು ಗಡಿಯಾರ ನೋಡಿ ಮುಂದಿನ ವಿಷಯಕ್ಕೆ ಹೋದರು. ಆದರೆ ಸುಜಾತಾ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಆಮೇಲಿನ ಅವಳ ಎಲ್ಲ ಪ್ರಾತ್ಯಕ್ಷಿಕೆಗಳಲ್ಲೂ ನೀರಗುಳ್ಳೆಯ ತಾಟೊಂದು ಬಂತು. ಇದು ಚಿತ್ತಾಪುರದ ಶಾಂತಕ್ಕ ಕಂಡುಹಿಡಿದು ಹೇಳಿದ್ದು ಎಂದು ಪ್ರತಿ ಸಲವೂ ಹೆಸರು ಹೇಳಿಯೇ ಹೇಳುತ್ತಿದ್ದಳು. ಏನು ಪ್ರಯೋಜನ? ಕೇಳಿದವರಿಗೆ ನೆನಪಿರುವುದು ಹೇಳಿದವರ ಮುಖ. ಕೆಲವೇ ದಿನಗಳಲ್ಲಿ ವಾಡಿಯ ಹೆಣ್ಣುಮಗಳೊಬ್ಬಳು, ಕಲೇಜಿ ಡಾಕ್ಟರ್ ಹೇಳ್ಯಾರ, ಗುಳ್ಳಿ ಇದ್ದದ್ದು ಹಾಕಬಾರದಂತ ಎಂದು ನನಗೇ ಪಾಠ ಹೇಳಿದಳು.

ಇನ್ನೊಂದು ಕೇಸು. ಶಹಾಬಾದದ ಕಲ್ಲಿನ ವ್ಯಾಪಾರಿಯೊಬ್ಬರು, ಸುಜಾತಾ ರಜೆಯಲ್ಲಿದ್ದುದರಿಂದ, ತಮ್ಮ ಡಾಬರ್ಮನ್ ನಾಯಿಯನ್ನು ನನ್ನಲ್ಲಿಗೆ ತಂದರು. ನಾಯಿ ಕುತ್ತಿಗೆ ತಗ್ಗಿಸಲಾರದು. ನೆಲದ ಮೇಲಿನ ತಾಟಿನಿಂದ ತಿನ್ನಲಾಗದೆ, ಸ್ಟೂಲಿನ ಮೇಲಿಟ್ಟರೆ ತಿನ್ನುತ್ತದೆ. ಯಾರೋ ಪೆಟ್ಟು ಬಿದ್ದಿದೆಯೆಂದು ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಏನು ಹಾಕುತ್ತೀರೆಂದು ಕೇಳಿದೆ. ಅವರು ಅಭಿಮಾನದಿಂದ, ದಿನಾ ಒಂದು ಬೋಗುಣಿ ತುಂಬ ಕಲೇಜಿ, ಬೇರೆ ಏನೂ ಇಲ್ಲ, ಕಲೇಜಿ ಡಾಕ್ಟರೇ ಹೇಳಿದ್ದು ಎಂದರು. ಕಲೇಜಿ ಅತಿಯಾದರೆ ಎ ಜೀವಸತ್ವ ಮೈಯಲ್ಲಿ ಕೂಡುತ್ತಾ ಹೋಗಿ, ಕುತ್ತಿಗೆಯ ಎಲುಬುಗಳ ನಡುವೆ ಹೊಸ ಎಲುಬು ಬೆಳೆದು ಬಿಗಿಯುತ್ತದೆ. ಕಲಬುರಗಿಯಲ್ಲಿ ಎಕ್ಸ್-ರೇ ತೆಗೆಸಿದೆವು. ನಾನು ಹೇಳಿದ್ದೇ ಖರೆಯಾಯಿತು. ಕಲೇಜಿ ನಿಲ್ಲಿಸಿದ ಮೇಲೆ ನೋವು ಕಡಿಮೆಯಾಯಿತು, ಆದರೆ ನಾಯಿಯ ಕುತ್ತಿಗೆ ಮೊದಲಿನಂತೆ ತಿರುಗಲೇ ಇಲ್ಲ.

ನಾನು ಸುಜಾತಾಳಿಗೆ ಫೋನ್ ಮಾಡಿದೆ. ನಾಯಿಯ ಚಿಂತೆಯಿಂದ ಮಾಡಿದಂತೆ ದನಿ ಇಟ್ಟುಕೊಂಡೆ. ಅವಳು, “ಹತ್ತರಾಗ ಒಂದು ತುತ್ತು ಅಂತ ಹೇಳಿದ್ದೆ ಶಾಂತಕ್ಕ, ಅವರು ಕಲೇಜಿ ಅನ್ನೋದಷ್ಟೇ ಕೇಳ್ಯಾರ. ನಾ ಇನ್ನೊಮ್ಮೆ ಕರೆಸಿ ನೋಡಬೇಕಿತ್ತು. ನನ್ನ ಹತ್ರ ಬಂದಿದ್ರ ನಾನೂ ಉಳುಕು ಅಂತಲೇ ತಿಳೀತಿದ್ದೆ. ಹ್ಯಾಂಗ ಹಿಡಿದ್ರಿ ನೀವು?” ಎಂದಳು. ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ತಾನೇ ಎದ್ದು ನಿಂತು, ತನ್ನ ಮಾತು ಹೇಗೆ ತಪ್ಪಾಗಿ ಮುಟ್ಟಿತು, ನಾನು ಹೇಗೆ ಹಿಡಿದೆ ಎಂದು ವಿವರಿಸಿದಳು. ಸಾಹೇಬರು ಚಪ್ಪಾಳೆ ತಟ್ಟಿಸಿದರು, ಅವಳ ದೊಡ್ಡ ಮನಸ್ಸಿಗೆ. ರೋಗ ಹಿಡಿದವಳು ನಾನು, ಚಪ್ಪಾಳೆ ಅವಳಿಗೆ. ಇನ್ನೊಬ್ಬರನ್ನು ಬಾಯಿ ತುಂಬ ಹೊಗಳುವ ಶಕ್ತಿಯೂ ಅವಳ ಪಾಲಿಗೇ ಹೋಗಿತ್ತು. ನನ್ನ ಸೇವೆಯಲ್ಲಿ ನನಗೆ ಅತಿ ಹೆಚ್ಚು ಮತ್ಸರ ಹುಟ್ಟಿಸಿದ್ದು ಅವಳ ಜನಪ್ರಿಯತೆಯಲ್ಲ, ಆ ಶಕ್ತಿ.

ಭಂಕೂರದ ಸಂಗತಿ ಇದಾದ ಮೇಲಿನದು. ಶಹಾಬಾದಕ್ಕೆ ಹತ್ತಿರದ ಊರು ಅದು. ಅಲ್ಲಿ ಮರೆಪ್ಪ ಎಂಬ ಕಲ್ಲು ಒಡೆಯುವ ಕೆಲಸಗಾರನಿದ್ದ. ಅವನ ಮಗಳು ಭಾಗ್ಯಾ ಶಾಲೆಗೆ ಹೋಗುವ ಹುಡುಗಿ. ಹೊಟ್ಟೆನೋವೆಂದು ಕಲಬುರಗಿಯ ದೊಡ್ಡ ದವಾಖಾನೆಗೆ ಒಯ್ದರೆ, ಕಲೇಜಿಯಲ್ಲಿ ನೀರಗುಳ್ಳೆ ಬೆಳೆದಿದೆಯೆಂದು ಆಪರೇಶನ್ ಮಾಡಿದರು. ಮನೆಯಲ್ಲಿ ನಾಯಿ ಇದೆಯೇ ಎಂದು ಅಲ್ಲಿನ ಡಾಕ್ಟರು ಕೇಳಿದ್ದೇ ತಡ, ಮರೆಪ್ಪ ಊರಿಗೆ ಬಂದು ತನ್ನ ನಾಯಿ ಮೋತ್ಯಾನನ್ನು ಬೇವಿನಗಿಡಕ್ಕೆ ಬಿಗಿದು ಕಟ್ಟಿದ. ಓಣಿಯವರು ಸೇರಿ, ಈ ನಾಯಿಯಷ್ಟೇ ಅಲ್ಲ, ಊರಿನ ಎಲ್ಲ ನಾಯಿಗೂ ವಿಷ ಹಾಕುವುದೆಂದು ತೀರ್ಮಾನಿಸಿದರು.

ಸುಜಾತಾ ಫೋನ್ ಮಾಡಿ ಎಲ್ಲ ಹೇಳಿದಳು. ಮೋತ್ಯಾ ಅವಳ ಪೇಶಂಟ್. ಹಿಂದಿನ ವರ್ಷ ಬಡವಾಗಿದ್ದಾಗ ಅದಕ್ಕೂ ಕುದಿಸಿದ ಕಲೇಜಿ ಹೇಳಿದ್ದವಳು ಅವಳೇ. “ನೀವು ಬರ್ರಿ ಶಾಂತಕ್ಕ” ಎಂದಳು. “ಇದು ನಿಮ್ಮ ವಿಷಯ. ನನ್ನ ಮಾತು ಇಲ್ಲಿ ನಡೆಯಂಗಿಲ್ಲ.” ಅವಳು ಹಾಗೆ ಅಂದದ್ದನ್ನು ನಾನು ಮೊದಲ ಸಲ ಕೇಳಿದೆ. ಕೂಡಲೇ ಹೊರಟೆ.

ಬೇವಿನಗಿಡದ ಕೆಳಗೆ ಜನ ತುಂಬಿದ್ದರು. ಮರೆಪ್ಪ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸುಜಾತಾ ಒಂದು ಪಕ್ಕಕ್ಕೆ, ಸ್ಕೂಟರಿಗೆ ಆನಿಕೊಂಡು ನಿಂತಿದ್ದಳು. ಅವಳ ಸುತ್ತ ಯಾರೂ ಇರಲಿಲ್ಲ. ಊರಿನ ಹಿರಿಯರಾದ ಶಿವಶರಣಪ್ಪನವರು ನನ್ನನ್ನು ಕಂಡೊಡನೆ ಎದ್ದು ಬಂದರು. ಅವರಿಗೆ ಸುಲೇಪೇಟದ ನಮ್ಮ ತಂದೆಯ ಅಂಗಡಿ ಗೊತ್ತಿತ್ತು.

“ಬರ್ರಿ ಡಾಕ್ಟರಬಾಯಿ, ಕುಂದ್ರಿ” ಎಂದರು. “ನೀವು ನಮ್ಮವರು, ನೀವೇ ಹೇಳ್ರಿ. ಇದ್ದಬದ್ದವರ ನಾಯಿಗೆಲ್ಲ ಕಲೇಜಿ ತಿನ್ನಿಸ್ರಿ ಅಂತ ಈ ಡಾಕ್ಟರ್ ಕಲಿಸಿದ್ರು. ತಮ್ಮ ಮನ್ಯಾಗ ತಿಂತಾರಂತ ಊರಿಗೆಲ್ಲ ಹಚ್ಚಿದ್ರು. ನೀವಿದ್ದಾಗ ಇಂಥಾದ್ದು ಇತ್ತೇನ್ರಿ?”

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆ ನೋಟ ನನ್ನನ್ನು ಬಿಟ್ಟು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಒಂದು ಮಾತು ಸಾಕಿತ್ತು. ಅದೂ ಬೇಡ, ಸುಮ್ಮನೆ ತಲೆ ಆಡಿಸಿದ್ದರೆ ಸಾಕಿತ್ತು. ಕಲೇಜಿ ಡಾಕ್ಟರ್ ಎಂಬ ಹೆಸರು ಅವತ್ತೇ ಬೈಗುಳವಾಗುತ್ತಿತ್ತು. ನಾನು ಕೆಳಗೆ ನೋಡಿದೆ. ಮೋತ್ಯಾ ಹಗ್ಗದಲ್ಲೇ ನನ್ನ ಕಡೆ ತೆವಳಿ ಬಾಲ ಅಲ್ಲಾಡಿಸಿತು.

ಮರೆಪ್ಪನನ್ನು ಹತ್ತಿರ ಕರೆದು, ಡಾಕ್ಟರು ಕಲೇಜಿ ಹೇಗೆ ಹಾಕಲು ಹೇಳಿದ್ದರು ಎಂದು ಕೇಳಿದೆ. ಕುದಿಸಿ ಎಂದ. ಕುದಿಸಿದ್ದೀಯಾ ಎಂದೆ. ನಮ್ಮ ಹೆಂಗಸು ದಿನಾ ಕುದಿಸಿಯೇ ಹಾಕಿದಳು ಎಂದ. ಮತ್ತೆ ನಾಯಿ ಬೇರೆಲ್ಲಿ ತಿನ್ನುತ್ತದೆ ಎಂದೆ. ಗುಂಪಿನೊಳಗಿಂದ ಯಾರೋ ಸಣ್ಣ ದನಿಯಲ್ಲಿ, ಮಟನ್ ಅಂಗಡಿಯ ಹಿಂದೆ, ಮರಿಯಿದ್ದಾಗಿನಿಂದ ಎಂದರು.

ನಾನು ಶಿವಶರಣಪ್ಪನವರ ಕಡೆ ತಿರುಗಿದೆ. “ಈ ಗುಳ್ಳಿ ನಿನ್ನೆ ಮೊನ್ನಿದಲ್ರಿ ಅಪ್ಪಾರ. ವರ್ಷಾನುಗಟ್ಟಲೆ ಬೆಳೀತದ. ಕೂಸಿನ ಹೊಟ್ಯಾಗ ಇದು ಸೇರಿದಾಗ ಸುಜಾತಾ ಡಾಕ್ಟರ್ ಇನ್ನಾ ಓದಲಿಕತ್ತಿದ್ರು. ಆವಾಗ ಶಹಾಬಾದ ದವಾಖಾನ್ಯಾಗ ಇದ್ದಾಕಿ ನಾನು. ನೀವಿದ್ದಾಗ ಇಂಥಾದ್ದು ಇತ್ತೇನು ಅಂತ ಕೇಳಿದ್ರಿ. ಇತ್ತು. ಹೇಳವರು ಯಾರೂ ಇರಲಿಲ್ಲ, ಅಷ್ಟೇ.”

ನಾನು ಸುಜಾತಾಳ ಕಡೆ ನೋಡಲಿಲ್ಲ, ನೋಡಲಾಗಲಿಲ್ಲ. ಆಮೇಲೆ ಮಾಡಬೇಕಾದ್ದನ್ನು ಒಂದೊಂದಾಗಿ ಹೇಳಿದೆ. ಒಂದು ನಾಯಿಯನ್ನು ಕೊಂದರೆ ಮಟನ್ ಅಂಗಡಿಯ ಹಿಂದೆ ಇನ್ನೊಂದು ಬರುತ್ತದೆ. ಆ ಜಾಗಕ್ಕೆ ಗುಂಡಿ, ಗುಂಡಿಗೆ ಸುಣ್ಣ, ಮೇಲೆ ಕಲ್ಲುಚಪ್ಪಡಿ ಬೇಕು, ಚಪ್ಪಡಿಗೇನು ನಿಮ್ಮೂರಲ್ಲಿ ಬರವಿಲ್ಲ ಎಂದೆ. ಎಲ್ಲ ನಾಯಿಗಳಿಗೂ ಹುಳದ ಮಾತ್ರೆ ಹಾಕಬೇಕು, ಹಾಕಿದ ಮೇಲೆ ಕಟ್ಟಿಟ್ಟು ಅವುಗಳ ಹೇಲನ್ನು ಕೈಗೆ ಚೀಲ ಹಾಕಿಕೊಂಡು ಎತ್ತಿ ಸುಡಬೇಕು, ಮತ್ತೆ ಮತ್ತೆ ಇದನ್ನೇ ಮಾಡುತ್ತಿರಬೇಕು. ಮಕ್ಕಳು ಉಣ್ಣುವ ಮುಂಚೆ ಕೈ ತೊಳೆಯಬೇಕು. ಮರೆಪ್ಪ ಮೊದಲ ಸಲ ತಲೆ ಎತ್ತಿ, ನನ್ನ ಮಗಳು ಎಚ್ಚರವಾದಾಗ ಮೊದಲು ಕೇಳಿದ್ದು ಮೋತ್ಯಾನನ್ನೇ ಎಂದ. ಅಷ್ಟು ಹೇಳಿ ಅವನಿಗೆ ಅಳು ಬಂತು.

ಹಗ್ಗ ಬಿಚ್ಚಿ ಮಾತ್ರೆ ಹಾಕಲು ನಾನು ಹೋದರೆ ಮೋತ್ಯಾ ಬಾಯಿ ಬಿಡಲೊಲ್ಲದು. ಸುಜಾತಾ ಬಂದು ಕುಕ್ಕರಗಾಲಲ್ಲಿ ಕೂತಳು. ಅದು ಅವಳ ತೊಡೆಯ ಮೇಲೆ ಗದ್ದ ಇಟ್ಟು ಬಾಯಿ ತೆರೆಯಿತು.

ವಾಪಸ್ಸು ಅವಳ ಸ್ಕೂಟರಿನ ಹಿಂದೆ ಕೂತು ಶಹಾಬಾದದ ಬಸ್ ನಿಲ್ದಾಣಕ್ಕೆ ಬಂದೆ. ಇಳಿಸುವಾಗ ಅವಳು, “ನೀವು ಹೂಂ ಅಂದಿದ್ರ ನಾ ಈ ಊರು ಬಿಡಬೇಕಾಗ್ತಿತ್ತು” ಎಂದಳು. ನಾನು ಬಸ್ಸು ಬಂತೆಂದು ಹೊರಟೆ. ಹೂಂ ಎನ್ನದಿರಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ಅವಳಿಗೆ ಗೊತ್ತಿಲ್ಲ. ಗುಂಪಿಗೆ ಅದು ಉಸಿರು ಎಳೆದುಕೊಂಡಷ್ಟು ಹೊತ್ತಾಗಿ ಕಂಡಿರಬಹುದು.

ಭಾಗ್ಯಾ ಸುಧಾರಿಸಿದಳು, ಶಾಲೆಗೆ ಹೋದಳು. ಭಂಕೂರದ ಗುಂಡಿ ಉಳಿದ ಊರುಗಳಿಗೂ ಮಾದರಿಯಾಯಿತು. ಅವತ್ತಿನ ನಂತರ ನಾನೂ ಸಾಹುಕಾರರ ಮನೆಗಳಲ್ಲಿ ಕಲೇಜಿ ಎಂಬ ಮಾತನ್ನು ಸಲೀಸಾಗಿ ಆಡತೊಡಗಿದೆ. ಒಂದಿಬ್ಬರು ಮೂಗು ಮುರಿದರು, ಉಳಿದವರು ಎಷ್ಟು ಹಾಕಬೇಕೆಂದು ಕೇಳಿದರು. ಮರೆಪ್ಪ ಮಾತ್ರ ಮುಂದೆಯೂ ಮೋತ್ಯಾನನ್ನು ತೋರಿಸಿದ್ದು ಸುಜಾತಾಳಿಗೇ. ಅದು ನ್ಯಾಯವೇ. ಆದರೂ ಕೇಳಿದಾಗ ಚುಚ್ಚಿತು.

ನಾನು ನಿವೃತ್ತಳಾದೆ. ಸಾಹೇಬರ ಖುರ್ಚಿಯಲ್ಲಿ ಈಗ ಸುಜಾತಾ ಕೂತಿದ್ದಾಳೆ. ಹೋದ ವರ್ಷ ಸೇಡಂನಲ್ಲಿ ನಾಯಿ ಸಾಕುವವರಿಗೆಂದು ಶಿಬಿರ ಇಟ್ಟಾಗ ನನ್ನನ್ನೂ ಕರೆಸಿದಳು. ಅವಳ ತಾಟುಗಳು ಎಂದಿನಂತೆ ಮೇಜಿನ ಮೇಲಿದ್ದವು. ಆದರೆ ಅವಳ ಮಾತು ಮುಗಿದ ಮೇಲೆ ಜನ ಸೇರಿದ್ದು ಭವನದ ಆ ತುದಿಯಲ್ಲಿ, ಹೊಸದಾಗಿ ಬಂದ ತರುಣ ಡಾಕ್ಟರೊಬ್ಬನ ಸುತ್ತ. ಅವನು ಫೋನಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಒಂದೇ ಲೆಕ್ಕ ಎಲ್ಲ ನಾಯಿಗೂ ಸಲ್ಲದು ಎನ್ನುತ್ತಿದ್ದ. ಚುಕ್ಕೆ ಚುಕ್ಕೆಯ ಡಾಲ್ಮೇಶಿಯನ್ ಜಾತಿಗೆ ಕಲೇಜಿ, ಗುರ್ದಾ ಹಾಕಿದರೆ ಮೂತ್ರದಲ್ಲಿ ಹರಳು ಕಟ್ಟುತ್ತದೆ, ಅದಕ್ಕೆ ಹಾಕಲೇಬಾರದು. ಮುದಿಯಾಗಿ ಮೂತ್ರಪಿಂಡ ಸೋತ ನಾಯಿಗೂ ಬೇಡ ಎಂದು ತೋರಿಸುತ್ತಿದ್ದ. ಇದನ್ನು ನಾನೂ ಹೇಳಿರಲಿಲ್ಲ, ಸುಜಾತಾಳೂ ಹೇಳಿರಲಿಲ್ಲ. ಜನ ನಗುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು.

ಸುಜಾತಾ ತನ್ನ ಮೇಜಿನ ಹತ್ತಿರ ಒಬ್ಬಳೇ ನಿಂತು, ಆಗಲೇ ಒರೆಸಿದ ತಾಟನ್ನು ಮತ್ತೆ ಒರೆಸುತ್ತಿದ್ದಳು. ಆ ಮುಖ ನನಗೆ ಗೊತ್ತು. ವರ್ಷಗಟ್ಟಲೆ ಅದನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಹೋಗಿ ಪಕ್ಕದಲ್ಲಿ ಕೂತೆ.

“ಹುಡುಗ ಚಲೋ ಹೇಳ್ತಾನ” ಎಂದಳು, ತಾಟಿನಿಂದ ಕಣ್ಣೆತ್ತದೆ.

“ಉರೀಲಿಕತ್ತದೇನು?” ಎಂದು ಕೇಳಿದೆ.

ಅವಳು ನನ್ನನ್ನು ನೋಡಿದಳು. ಸುಳ್ಳು ಹೇಳಬೇಕೋ ಬೇಡವೋ ಎಂದು ಯೋಚಿಸಿದಂತಿತ್ತು. “ಭಾಳ” ಎಂದಳು.

“ಹಂಗಾದ್ರ ಹೋಗಿ ಮುಂದಿನ ಸಾಲಿನ್ಯಾಗ ಕುಂದ್ರು. ಇಲ್ಲಿಂದ ಗ್ವಾಡಿ ಮ್ಯಾಲಿನ ಅಕ್ಷರ ಕಾಣಂಗಿಲ್ಲ.”

ಸುಜಾತಾ ಕೈ ಒರೆಸಿಕೊಂಡಳು. ಜನರನ್ನು ಸರಿಸಿಕೊಂಡು ಹೋಗಿ, ಆ ಹುಡುಗನ ಎದುರಿನ ಖುರ್ಚಿಯಲ್ಲಿ ಕೂತು, ಪೆನ್ನು ತೆಗೆದಳು. ನಾನು ಅವಳ ತಾಟುಗಳಿಗೆ ನೊಣ ಕೂರದಂತೆ ಸೆರಗು ಬೀಸುತ್ತಾ ಕೂತೆ. ಅಷ್ಟು ದೂರ ನಡೆಯಲು ನನಗೆ ವರ್ಷಗಳೇ ಬೇಕಾಗಿದ್ದವು. ಅವಳು ಒಂದೇ ಮಾತಿಗೆ ಎದ್ದು ಹೋದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.